ರಾಜ ಅವನೇ, ರಾಜ್ಯ ಮಾತ್ರ ಬೇರೆ

ಸಾಮ್ರಾಜ್ಯಗಳು ಯಾಕೆ ಬೀಳುತ್ತವೆ? ಬರ, ದಂಡಯಾತ್ರೆ, ದಾಯಾದಿ ಜಗಳ ಎಂದು ಶಾಲೆಯಲ್ಲಿ ಉರು ಹೊಡೆದಿದ್ದೆವು. 2025ರ ಫೆಬ್ರವರಿ 11ರಂದು ಪಟ್ಟಿಗೆ ಇನ್ನೊಂದು ಕಾರಣ ಸೇರಿತು: ಹೊಸ ಆವೃತ್ತಿ.

ಅಂದು ಬಂದದ್ದು ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ‘ಸಿವಿಲೈಸೇಷನ್ 7’. 2016ರಲ್ಲಿ ಬಂದ ಆರನೆಯದರಲ್ಲಿ, ಒಮ್ಮೆ ಒಂದು ನಾಡನ್ನು ಆರಿಸಿಕೊಂಡರೆ ಈಟಿ ಹಿಡಿದ ಕಾಲದಿಂದ ರಾಕೆಟ್ ಹಾರಿಸುವ ತನಕ ಅದೇ ಗತಿ. ಏಳನೆಯದು ಚರಿತ್ರೆಯನ್ನು ಪ್ರಾಚೀನ, ಅನ್ವೇಷಣೆ, ಆಧುನಿಕ ಎಂದು ಮೂರು ಹೋಳು ಮಾಡಿತು. ಹೋಳಿಗೊಂದು ದೇಶ; ನಾಯಕ ಮಾತ್ರ ಅವನೇ. ಬೆಂಜಮಿನ್ ಫ್ರಾಂಕ್ಲಿನ್ ರೋಮನ್ನು ಆಳುತ್ತಾ ಕೂರಬಹುದು. ತಯಾರಕರ ಪಾಲಿಗೆ ಇದು ಕ್ರಾಂತಿ. ರೆಸಾರ್ಟ್ ರಾಜಕಾರಣ ನೋಡಿ ಬೆಳೆದ ನಮಗೆ, ಬರೀ ಬುಧವಾರ.

ಆರು ಅಪರಂಜಿಯೇನಲ್ಲ. ಅರ್ಧ ಆಟಕ್ಕೇ ಗೆಲ್ಲುವವರು ಯಾರೆಂದು ಗೊತ್ತಾಗಿ, ಉಳಿದರ್ಧ ಗುಮಾಸ್ತಿಕೆಯಾಗುತ್ತಿತ್ತು. ಆ ನೆಗಡಿಗೆ ಏಳು ಮೂಗನ್ನೇ ಕೊಯ್ದಿತು: ಇನ್ನೇನು ಮೇಲುಗೈ ಅನ್ನುವಷ್ಟರಲ್ಲಿ ಯುಗಾಂತ್ಯ, ಮತ್ತೆ ಹೊಸ ಲೆಕ್ಕ.

ಭಾರತದ ಹಾದಿ ನೋಡಿ: ಮೌರ್ಯ, ಚೋಳ, ಮೊಘಲ್. ಚೋಳರು ಇಳಿದದ್ದು 1279ರಲ್ಲಿ, ಬಾಬರ್ ಹತ್ತಿದ್ದು 1526ರಲ್ಲಿ. ನಡುವೆ ಹಂಪಿ ಇತ್ತು. ಬಸ್ಸು ನಿಲ್ಲಿಸಲೇ ಇಲ್ಲ. ಅಶೋಕನಿಗಾದರೆ ಎರಡು ಅವತಾರ: ಜಗತ್ತನ್ನು ತೊರೆದವ ಒಬ್ಬ, ಗೆಲ್ಲಹೊರಟವ ಇನ್ನೊಬ್ಬ. ಶಾಸನಗಳ ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಎಂದು ಸಾಧಿಸಲು 1915ರಲ್ಲಿ ನಮ್ಮ ಮಸ್ಕಿಯ ಬಂಡೆ ಬೇಕಾಯಿತು. ನೂರಹತ್ತು ವರ್ಷಕ್ಕೆ ಮತ್ತೆ ಇಬ್ಬರಾದರು.

ಆರರಲ್ಲಿ ಒಬ್ಬ ಕೂಲಿಯಾಳಿದ್ದ. ಇಲ್ಲೊಂದು ಹೊಲ, ಅಲ್ಲೊಂದು ಗಣಿ ಎಂದು ಮೂರು ಕೆಲಸ ಮುಗಿಸಿ, ಸಂಬಳ ಕೇಳದೆ ಮಾಯವಾಗುತ್ತಿದ್ದ. ಏಳರಲ್ಲಿ ಅವನ ನೇಮಕಾತಿಯೇ ಇಲ್ಲ. ಊರು ಬೆಳೆದಂತೆ ಹೊಲ ತಾನಾಗಿ ಏಳುತ್ತದೆ. ಸುಧಾರಣೆ ಎಂದರೆ ಇದೇ ಅಲ್ಲವೆ?

ಏಳರ ಚಕ್ರವರ್ತಿಯ ಕಷ್ಟವೂ ಮೊದಮೊದಲು ಕಮ್ಮಿಯಿರಲಿಲ್ಲ. ಖಂಡಗಳನ್ನು ಗೆಲ್ಲಬಹುದಿತ್ತು, ಸ್ವಂತ ಊರಿನ ಹೆಸರು ಬದಲಿಸುವಂತಿರಲಿಲ್ಲ. ಆಟ ಮುಗಿದ ಮೇಲೆ ‘ಇನ್ನೊಂದೇ ಸರದಿ’ ಎಂದು ಮುಂದುವರಿಸುವ ಗುಂಡಿಯೂ ಇರಲಿಲ್ಲ. ಎಷ್ಟೋ ಜನರ ನಿದ್ದೆ ತಿಂದು ಈ ಆಟ ಹೆಸರು ಮಾಡಿದ್ದೇ ಆ ಮಾತಿನಿಂದ. ಹೆಸರು ಬದಲಿಸುವ ಸೌಲಭ್ಯವನ್ನು ಮಾರ್ಚ್‌ನಲ್ಲಿ, ಗುಂಡಿಯನ್ನು ಏಪ್ರಿಲ್‌ನಲ್ಲಿ ‘ಅಪ್‌ಡೇಟ್’ ಎಂದು ದಯಪಾಲಿಸಿದರು. ದೂರುವಂತಿಲ್ಲ, ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಗಲು ನಾವು 2014ರ ತನಕ ಕಾದವರು.

ಮೊದಲ ಆವೃತ್ತಿಯಿಂದ ಆರನೆಯದರವರೆಗೂ ಭಾರತದ ನಾಯಕರಾಗಿದ್ದ ಗಾಂಧಿ, ಏಳರ ಬಿಡುಗಡೆಯ ದಿನ ನಾಪತ್ತೆ. ಪಕ್ಷಾಂತರಕ್ಕೆ ಒಪ್ಪಿರಲಿಕ್ಕಿಲ್ಲ.

ಆಟಗಾರರೂ ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ, ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ನಲ್ಲಿ ಏಳಕ್ಕಿಂತ ಆರನ್ನು ಆಡುವವರೇ ಹೆಚ್ಚಾದರು. ಟಿಕೆಟ್ ಹೊಸ ಪಕ್ಷದ್ದು ಸಿಕ್ಕರೂ ಮತದಾರ ಹಳೇ ಚಿಹ್ನೆಗೇ ಒತ್ತಿದ.