ಐಸೆನ್‌ಹೋವರ್ ಡಾಲರ್ ಸಿಕ್ಕವರಿಗೆ ಬಳಕೆಯ ಸೂಚನೆಗಳು

ಅಭಿನಂದನೆಗಳು! ಅಮೆರಿಕದ ಯಾವುದೋ ಹಳೆಯ ಮೇಜಿನ ಡ್ರಾಯರಿನಲ್ಲಿ ನಿಮಗೊಂದು ದೊಡ್ಡ ಡಾಲರ್ ನಾಣ್ಯ ಸಿಕ್ಕಿದೆ. ಅಗಲ 38.1 ಮಿಲಿಮೀಟರ್. ಒಂದು ಕಡೆ ಬೋಳುತಲೆಯ ಅಧ್ಯಕ್ಷರು, ಇನ್ನೊಂದು ಕಡೆ ಚಂದ್ರನ ಮೇಲಿಳಿಯುತ್ತಿರುವ ಹದ್ದು. ಕೈಪಿಡಿ ಓದಿ ಮುಗಿಸುವವರೆಗೆ ನೌಕರಿಗೆ ರಾಜೀನಾಮೆ ಕೊಡಬೇಡಿ.

ಮೊದಲನೆಯದಾಗಿ, ತೊಳೆಯಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟ್, ವಿಭೂತಿ ಯಾವುದನ್ನೂ ಹತ್ತಿರ ತರಬೇಡಿ. ತಿಕ್ಕಿದ ಹೊಳಪು ನಿಮಗೆ ಕಾಣುತ್ತದೆ, ತಿಕ್ಕಿದ ಗೀರು ಕೊಳ್ಳುವವನಿಗೆ ಕಾಣುತ್ತದೆ.

ಈಗ ಇಸವಿಯ ಮೇಲೆ, ಅಧ್ಯಕ್ಷರ ಕುತ್ತಿಗೆಯ ಕೆಳಗೆ ನೋಡಿ. ‘ಡಿ’ ಇದ್ದರೆ ಡೆನ್ವರ್ ಟಂಕಸಾಲೆ, ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ‘ಎಸ್’ ಕಂಡೊಡನೆ ಬೆಳ್ಳಿ ಸಿಕ್ಕಿತೆಂದು ಕುಣಿಯುವವರುಂಟು. ಸ್ವಲ್ಪ ತಾಳಿ. ಸಂಗ್ರಾಹಕರಿಗಾಗಿ ಶೇ. 40 ಬೆಳ್ಳಿಯ ಡಾಲರ್ ಅಚ್ಚಾದದ್ದು ಅಲ್ಲೇ, ನಿಜ. ಆದರೆ 1973ರಿಂದ ಬೆಳ್ಳಿಯಿಲ್ಲದ ಪ್ರೂಫ್ ನಾಣ್ಯಗಳ (ಸಂಗ್ರಾಹಕರಿಗೆಂದೇ ಮಿರುಗುವಂತೆ ಒತ್ತಿದವು) ಮೇಲೂ ಅದೇ ಅಕ್ಷರ ಕೂತಿದೆ. ಆದ್ದರಿಂದ ತಕ್ಕಡಿಯನ್ನು ಕೇಳಿ: 24.59 ಗ್ರಾಂ ಎಂದರೆ ಬೆಳ್ಳಿಯದು, 22.68 ಎಂದರೆ ತಾಮ್ರ-ನಿಕ್ಕಲ್. ತಕ್ಕಡಿ ಇಲ್ಲವೆ? ಅಂಚಿನಲ್ಲಿ ತಾಮ್ರದ ಕೆಂಪು ಪಟ್ಟಿ ಎದ್ದು ಕಂಡರೆ ಬೆಳ್ಳಿಯ ಆಸೆ ಬಿಡಿ.

ಇಸವಿ 1972 ಆಗಿದ್ದು, ಅಕ್ಷರವಿಲ್ಲದಿದ್ದರೆ ಮಾತ್ರ ಉಸಿರು ಬಿಗಿಹಿಡಿಯಲು ಅನುಮತಿಯಿದೆ. ಹದ್ದಿನ ತಲೆಯ ಮೇಲ್ಗಡೆ ಇರುವ ಪುಟ್ಟ ಭೂಮಿಯ ಮೇಲೆ ಭೂತಗನ್ನಡಿ ಹಿಡಿಯಿರಿ. ಫಿಲಡೆಲ್ಫಿಯಾದಲ್ಲಿ ಆ ವರ್ಷ ಭೂಮಿ ಮೂರು ರೂಪ ತಾಳಿತ್ತು. ಭೂಮಿ ದುಂಡಗಿದ್ದು, ಫ್ಲಾರಿಡಾದ ಬಳಿಯ ದ್ವೀಪಗಳು ಮಸುಕಾಗಿದ್ದರೆ ಅದು ಎರಡನೆಯ ರೂಪ. ಮೂರರಲ್ಲಿ ಅಪರೂಪದ್ದು ಅದೇ. ದೇಶದ ಅಧ್ಯಕ್ಷರ ಮುಖ ಬಿಟ್ಟು ದ್ವೀಪಕ್ಕೆ ಬೆಲೆ ಕಟ್ಟುವವರು ಎಂಥ ಜನ ಎಂದು ನಗಬೇಡಿ. ನಿಮ್ಮ ಕಣ್ಣೂ ಈಗ ಅಲ್ಲೇ ಇದೆ.

1975ರ ಡಾಲರ್ ಹುಡುಕಬೇಡಿ, ಆ ಇಸವಿಯದು ಇಲ್ಲವೇ ಇಲ್ಲ. ಸ್ವಾತಂತ್ರ್ಯದ ಇನ್ನೂರನೇ ವರ್ಷಕ್ಕೆಂದು 1776–1976 ಎಂದೇ ಒತ್ತಿದರು. ಯಾರಾದರೂ 1975ರದ್ದು ತೋರಿಸಿದರೆ ನಾಣ್ಯ ಬಿಟ್ಟು ಅವರನ್ನು ಪರೀಕ್ಷಿಸಿ.

ಉಳಿದದ್ದು ದರ್ಜೆ. ಅದಕ್ಕೆ 1ರಿಂದ 70ರವರೆಗಿನ ಶೆಲ್ಡನ್ ಮಾಪಕವಿದೆ. ಈ ಭಾರದ ನಾಣ್ಯಗಳು ಟಂಕಸಾಲೆಯ ಚೀಲದಲ್ಲೇ ಒಂದಕ್ಕೊಂದು ಬಡಿದುಕೊಂಡು ಅಧ್ಯಕ್ಷರ ಕೆನ್ನೆಗೆ ಗಾಯವಾಗಿರುತ್ತದೆ. ಹಾಗಾಗಿ ಹೊಸದಾಗಿ ಕಂಡದ್ದೆಲ್ಲ ಮೇಲ್ದರ್ಜೆಯದಲ್ಲ. ದರ್ಜೆ ಕೊಡುವ ಕಂಪನಿಗೆ ಕಳಿಸುವ ಮುನ್ನ ಶುಲ್ಕ ವಿಚಾರಿಸಿ. ಸಾಮಾನ್ಯ ನಾಣ್ಯಕ್ಕೆ ಅದರ ಬೆಲೆಗಿಂತ ಪ್ರಮಾಣಪತ್ರದ ಖರ್ಚೇ ಹೆಚ್ಚು.

ಎಲ್ಲ ಪರೀಕ್ಷೆಯಲ್ಲೂ ನಪಾಸಾದರೆ ಧೃತಿಗೆಡಬೇಡಿ. ಇಂದಿಗೂ ಅದು ಅಮೆರಿಕದ ಕಾನೂನುಬದ್ಧ ಹಣ. ಅದಕ್ಕೆ ಪೂರ್ತಿ ಒಂದು ಡಾಲರ್ ಬೆಲೆಯಿದೆ.