ರಾಜೀನಾಮಾ ಲಕ್ಷಣ ಮತ್ತು ಪ್ರಭೇದ ನಿರೂಪಣೆ

ಕೆಲಸಕ್ಕೆ ಸೇರುವ ಬಗ್ಗೆ ಶಾಸ್ತ್ರಕ್ಕೆ ಬರವಿಲ್ಲ. ಗೈಡುಗಳಿವೆ, ಕೋಚಿಂಗ್ ಕ್ಲಾಸುಗಳಿವೆ. ಬಿಡುವ ಬಗ್ಗೆ ಮಾತ್ರ ಯಾವ ಆಚಾರ್ಯರೂ ಭಾಷ್ಯ ಬರೆದಂತಿಲ್ಲ. ಈ ಕೊರತೆ ನೀಗಲೆಂದು, ಮಂಗಳೂರಿನ ಮಲ್ಲಿಕಟ್ಟೆಯಿಂದ ಕದ್ರಿ ಗುಡ್ಡದವರೆಗಿನ ಪ್ರದೇಶವನ್ನು ಪ್ರಮಾಣವಾಗಿಟ್ಟುಕೊಂಡು ಈ ಲಘುಗ್ರಂಥ ರಚಿತವಾಗಿದೆ. ಪ್ರದೇಶ ಸಣ್ಣದಾಯಿತಲ್ಲ ಎಂಬುದು ಪೂರ್ವಪಕ್ಷ. ಬ್ಯಾಂಕಿನವರು, ಆಸ್ಪತ್ರೆಯವರು, ಆಕಾಶವಾಣಿ, ಜೋಗಿ ಮಠ, ಗಲ್ಫಿಗೆ ಹೊರಟ ಮನೆಮಗ ಎಲ್ಲರೂ ಒಂದೇ ಇಳಿಜಾರಿನಲ್ಲಿ ಸಿಗುವಾಗ ಬೇರೆ ಊರಿಗೆ ಎಂತಕ್ಕೆ ಹೋಗುವುದು ಮಾರಾಯ್ರೆ ಎಂಬುದು ಸಿದ್ಧಾಂತ.

ಮೊದಲು ಲಕ್ಷಣ. ಬಿಟ್ಟು ಹೋಗಿ ತಿಂಗಳಾದ ಮೇಲೆ ಹಳೇ ಆಫೀಸಿನವರು ಫೋನ್ ಮಾಡಿದರೆ ಬಿಟ್ಟವನು ಎತ್ತಬೇಕು. ಇವನು ಮಾಡಿದರೆ ಅವರು ಎತ್ತಬೇಕು. ಎರಡೂ ಕಡೆ ಎತ್ತಿದರೆ ಸದ್ರಾಜೀನಾಮೆ. ಒಂದೇ ಕಡೆ ಎತ್ತಿದರೆ ಮಿಶ್ರ. ಎರಡೂ ಕಡೆ ನಂಬರ್ ಬ್ಲಾಕ್ ಆಗಿದ್ದರೆ ಅದು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ, ವಕೀಲರನ್ನು ಕಾಣುವುದು.

ಉತ್ತಮೋತ್ತಮ ಪ್ರಭೇದ ಪಟ್ಟವರ್ಗ. ಇದರ ಶುದ್ಧ ಮಾದರಿ ಕದ್ರಿಯ ಯೋಗೇಶ್ವರ ಮಠದಲ್ಲಿ ಮಾತ್ರ ಕಾಣಸಿಗುತ್ತದೆ. ನಾಥಪಂಥದ ಈ ಮಠದ ರಾಜರ ಅವಧಿ ಹನ್ನೆರಡು ವರ್ಷ. ನಾಸಿಕದ ಕುಂಭಮೇಳದ ಹೊತ್ತಿಗೆ ತ್ರ್ಯಂಬಕೇಶ್ವರದಲ್ಲಿ ಮುಂದಿನ ರಾಜರ ಆಯ್ಕೆಯಾಗುತ್ತದೆ. ಅವರು ಯೋಗಿಗಳ ಝುಂಡಿಯೊಂದಿಗೆ ತಿಂಗಳುಗಟ್ಟಲೆ ಕಾಲ್ನಡಿಗೆಯಲ್ಲಿ ಬಂದು ಕದ್ರಿ ತಲಪಿ, ಪಟ್ಟಾಭಿಷೇಕ ಮಾಡಿಸಿಕೊಳ್ಳುತ್ತಾರೆ. 2004ರಲ್ಲಿ ಹೀಗಾಯಿತು, 2016ರಲ್ಲಿ ಆಯಿತು, ಲೆಕ್ಕದಂತೆ ಮುಂದಿನದು 2028ಕ್ಕೆ. ಇಲ್ಲಿ ಗಮನಿಸಬೇಕಾದ ಶಾಸ್ತ್ರಾಂಶ: ಬಿಡುವ ದಿನ ಸೇರುವ ದಿನವೇ ಗೊತ್ತು, ಮತ್ತು ಚಾರ್ಜ್ ತೆಗೆದುಕೊಳ್ಳುವವರು ಆಗಲೇ ದಾರಿಯಲ್ಲಿದ್ದಾರೆ. ನಮ್ಮ ಎಚ್‌ಆರ್‌ನವರು ಬದಲಿ ಜನ ಸಿಗಲಿಲ್ಲ ಎಂದು ಗೋಳಾಡುತ್ತಾರಲ್ಲ, ಆ ಬದಲಿ ಜನ ನಾಸಿಕದಿಂದ ನಡೆದು ಬಂದರೂ ಇಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಾರೆ.

ಇದರ ಕೆಳಗಿನ ಮೆಟ್ಟಿಲು ಪತ್ತನಾಜೆ ವರ್ಗ. ತುಳುವರ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು, ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮೇಳ ಬದಲಿಸುವವರಿಗೆ ಮಳೆಗಾಲವೇ ಪ್ರಶಸ್ತ ಕಾಲ. ಪ್ರಸಂಗದ ನಡುವೆ ಕಿರೀಟ ಇಟ್ಟು ಹೋದವನ ಕಥೆಯನ್ನು ಚೌಕಿಯಲ್ಲಿ ವರ್ಷಗಟ್ಟಲೆ ಹೇಳುತ್ತಾರೆ. ಪತ್ತನಾಜೆಗೆ ಬಿಟ್ಟವನಿಗೆ ಯಜಮಾನರೇ ಬಸ್ಸು ಹತ್ತಿಸಿಯಾರು. ಹಂಗಾಮು ಮುಗಿಸಿ ಹೋಗುವುದಕ್ಕೂ ನಡುವೆ ಹೋಗುವುದಕ್ಕೂ ಇರುವ ಈ ವ್ಯತ್ಯಾಸ ಮಾರ್ಚ್ ಅಂತ್ಯದಲ್ಲಿ ಪೇಪರ್ ಹಾಕುವ ಅಕೌಂಟ್ಸ್ ಸಿಬ್ಬಂದಿಗೆ ತಿಳಿದಿದ್ದರೆ ಎಷ್ಟು ಆಡಿಟರುಗಳ ರಕ್ತದೊತ್ತಡ ಇಳಿಯುತ್ತಿತ್ತು!

ಮೂರನೆಯದು ನೋಟಿಸ್ ಪೀರಿಯಡ್ ವರ್ಗ, ಸಂಖ್ಯೆಯಲ್ಲಿ ಅತಿ ದೊಡ್ಡದು. ಕಾರಣಭೇದದಿಂದ ಇದಕ್ಕೆ ಅನೇಕ ಉಪಪ್ರಭೇದಗಳಿದ್ದರೂ ಕಾಗದದಲ್ಲಿ ಎಲ್ಲವೂ ‘ವೈಯಕ್ತಿಕ ಕಾರಣ’ ಎಂಬ ಏಕರೂಪ ತಾಳುತ್ತವೆ. ದುಬಾಯಿಯ ವೀಸಾ ಬಂದದ್ದೂ ವೈಯಕ್ತಿಕ, ಮ್ಯಾನೇಜರರ ಮುಖ ನೋಡಲಾಗದ್ದೂ ವೈಯಕ್ತಿಕ. ಇದು ಸುಳ್ಳಲ್ಲ, ಶಿಷ್ಟಾಚಾರ. ಆದರೆ ‘ತಂದೆಯವರ ಅನಾರೋಗ್ಯ’ ಎಂದು ಬರೆದವರು ಎಚ್ಚರದಿಂದಿರಬೇಕು; ಊರು ಸಣ್ಣದು, ತಂದೆಯವರು ಮರುದಿನ ಬೆಳಗ್ಗೆ ಕದ್ರಿ ಪಾರ್ಕಿನಲ್ಲಿ ಬೀಸು ಹೆಜ್ಜೆ ಹಾಕುವುದನ್ನು ಅದೇ ಮ್ಯಾನೇಜರ್ ನೋಡುವ ಸಂಭವವುಂಟು.

ಈ ವರ್ಗದಲ್ಲಿ ಆತುರಗಾರರು ನಾಲ್ಕೂವರೆ ವರ್ಷಕ್ಕೇ ಕಾಗದ ಕೊಡುತ್ತಾರೆ. ಗ್ರಾಚ್ಯುಟಿ ನಿಯಮ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಕೇಳುತ್ತದೆ, ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡುತ್ತದೆ. ಆರು ತಿಂಗಳು ಹಲ್ಲು ಕಚ್ಚಿದ್ದರೆ ಎಪ್ಪತ್ತೈದು ದಿನದ ಸಂಬಳ ಕೈಗೆ ಬರುತ್ತಿತ್ತು. ಸಿಟ್ಟಿಗೆ ಇಷ್ಟು ಬೆಲೆ ಕೊಡಬೇಕೇ ಎಂಬುದು ಅವರವರ ಧರ್ಮ. ಇತ್ತ ಮಾಲೀಕರಿಗೂ ಒಂದು ವಿಧಿಯಿದೆ: ಬಿಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ‘ಸೆಟ್ಲ್‌ಮೆಂಟ್ ಪ್ರೋಸೆಸಲ್ಲಿ ಉಂಟು’ ಎಂಬ ಮಂತ್ರ ಅದರಲ್ಲಿಲ್ಲ.

ಕೊನೆಯ ದಿನದ ವಿಧಿ: ಮೀಟಿಂಗ್ ಹಾಲಿನ ಮೇಜಿನ ಮೇಲೆ ಶಾಲು, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ, ಆರಿದ ಅಂಬಡೆ, ಶಿರಾ. ಮೂರು ತಿಂಗಳು ಮಾತು ಬಿಟ್ಟಿದ್ದ ಸುಪೀರಿಯರ್ ಎದ್ದು ನಿಂತು ‘ನಮ್ಮ ಸಂಸ್ಥೆಗೆ ತುಂಬಲಾಗದ ನಷ್ಟ’ ಎನ್ನುತ್ತಾರೆ. ನನ್ನ ಮತದಲ್ಲಿ ಸಜ್ಜನನ ಪರೀಕ್ಷೆ ಈ ಭಾಷಣದಲ್ಲಿಲ್ಲ, ಅವನು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿದೆ. ಯಾವ ಪಾರ್ಟಿ ಶನಿವಾರವೇ ಚೆಕ್ ಕೊಡುತ್ತಾರೆ, ಪ್ರಿಂಟರಿನ ಯಾವ ಟ್ರೇಯಲ್ಲಿ ಕಾಗದ ಸಿಕ್ಕಿಕೊಳ್ಳುತ್ತದೆ, ಕೆಳಗಿನ ಡ್ರಾಯರಿನ ಕೀ ಎಲ್ಲುಂಟು ಎಂದು ಬರೆದಿಟ್ಟವನು ನಾಸಿಕದ ಬಡ ಯಾತ್ರಿಕನಿಗೆ ಅರ್ಧ ದಾರಿ ಸವೆಸಿಕೊಟ್ಟಂತೆ.

ರಾಜಕಾರಣಿಗಳದ್ದು ಸ್ವತಂತ್ರ ಶಾಖೆ, ಸಂಕ್ಷೇಪವಾಗಿ ಹೇಳಬಹುದು. ಕದ್ರಿಗೆ ತಾಗಿದ ಬಿಜೈಯ ಜಾರ್ಜ್ ಫರ್ನಾಂಡಿಸರು 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಅಮೋಘವಾಗಿ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದೇ ಸರ್ಕಾರದಿಂದ ಹೊರಬಂದರು. 2001ರ ಮಾರ್ಚಿನಲ್ಲಿ ರಕ್ಷಣಾ ಖಾತೆ ಬಿಟ್ಟು ಅಕ್ಟೋಬರಿನಲ್ಲಿ ಮರಳಿದರು. ಹೋದಂತೆ ಬರುವ ಈ ಬಗೆಗೆ ‘ಪುನರಾಗಮನ ಸಹಿತ’ ಎಂದು ಹೆಸರಿಡಬಹುದು. ಮರಳದ ಬಗೆ, ಮರಳುವ ಬಗೆ ಎರಡನ್ನೂ ಒಂದೇ ಮನೆಯಲ್ಲಿ ನೋಡಬೇಕಾದವರು ಕಾರ್ಕಳ ಕಡೆಯ ಹೆಗ್ಡೆಯವರನ್ನು ನೋಡಬೇಕು. 1973ರ ಏಪ್ರಿಲಿನಲ್ಲಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿಗೆ ರಾಜೀನಾಮೆ ಎಸೆದು, ನಾಲ್ಕು ವರ್ಷದಲ್ಲಿ ಸಂಸತ್ತಿಗೆ ಗೆದ್ದು ಸ್ಪೀಕರ್ ಆದರು. ಮಗ ಸಂತೋಷ ಹೆಗ್ಡೆಯವರು 2010ರ ಜೂನಿನಲ್ಲಿ ಲೋಕಾಯುಕ್ತ ಹುದ್ದೆಗೆ ರಾಜೀನಾಮೆ ಕೊಟ್ಟು ಜುಲೈಯಲ್ಲಿ ಹಿಂಪಡೆದರು. ಮರುವರ್ಷ ಅವರು ಕೊಟ್ಟ ಗಣಿ ವರದಿಗೆ ಮುಖ್ಯಮಂತ್ರಿಯ ಕುರ್ಚಿಯೇ ಹೋಯಿತು. ಹಿಂಪಡೆದ ರಾಜೀನಾಮೆ ನಿಷ್ಫಲ ಎಂಬ ವಾದಕ್ಕೆ ಇದು ಬಲವಾದ ಖಂಡನೆ.

ಉಳಿದದ್ದು ಒಂದು ವಿಪರೀತ ಪ್ರಭೇದ. ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಗುಮಾಸ್ತರು ಅದೇ ಕುರ್ಚಿಯಲ್ಲಿದ್ದರು, ಬಿಟ್ಟುಹೋದದ್ದು ಬ್ಯಾಂಕು. ಇದಕ್ಕೆ ನೋಟಿಸ್ ಪೀರಿಯಡ್ ಎಷ್ಟು, ಶಾಲು ಹೊದಿಸುವುದು ಬೋರ್ಡಿಗೋ ಮ್ಯಾನೇಜರರಿಗೋ ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.