ಕಾಫಿಗೆ ಪ್ರಶ್ನೆ ಕೇಳಬೇಡಿ

ನಮ್ಮ 'ಕೇಳು' ಎಂಥ ಉಳಿತಾಯದ ಕ್ರಿಯಾಪದ ನೋಡಿ. ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ, ಹಾಡು ಕೇಳುತ್ತೇವೆ. ಪಕ್ಕದ ಮನೆಯ ಜಗಳ ಬೇಡವೆಂದರೂ ಕೇಳುತ್ತದೆ. ಸ್ಪೇನಿನವರು ಇದಕ್ಕೆ ನಾಲ್ಕು ಇಟ್ಟುಕೊಂಡು ಕೂತಿದ್ದಾರೆ. ದಾರಿಗೆ ಪ್ರೆಗುಂತಾರ್, ಸಾಲಕ್ಕೆ ಪೆದೀರ್, ಹಾಡಿಗೆ ಎಸ್ಕುಚಾರ್, ಜಗಳ ತಾನಾಗಿ ಕಿವಿಗೆ ಬಿದ್ದರೆ ಓಯೀರ್. ನೀವೇ ಗೋಡೆಗೆ ಕಿವಿ ಹಚ್ಚಿದಿರೋ, ಮತ್ತೆ ಎಸ್ಕುಚಾರ್. ಕಳ್ಳಗಿವಿಯನ್ನು ವ್ಯಾಕರಣವೇ ಹಿಡಿದುಕೊಡುತ್ತದೆ! ಮ್ಯಾಡ್ರಿಡ್ಡಿನ ಹೋಟೆಲಿನಲ್ಲಿ ಕನ್ನಡದ ಧೈರ್ಯದ ಮೇಲೆ ಕಾಫಿಯನ್ನು 'ಪ್ರೆಗುಂತಾರ್' ಮಾಡಿದರೆ ಕಾಫಿಯನ್ನೇ ವಿಚಾರಣೆಗೆ ಕೂರಿಸಿದಂತೆ. ಅದು ಬಾಯಿಬಿಡುವಷ್ಟರಲ್ಲಿ ಆರಿ ತಣ್ಣಗಾಗಿರುತ್ತದೆ.

ಇದಾದರೂ ಬಾಯಿಪಾಠಕ್ಕೆ ಬಗ್ಗೀತು. ಬಗ್ಗದ ಜೋಡಿಯೆಂದರೆ ಸೇರ್ ಮತ್ತು ಎಸ್ತಾರ್. 'ಅವರು ಮೇಷ್ಟ್ರು' ಎಂದು ಕ್ರಿಯಾಪದವನ್ನೇ ನುಂಗಿ ಬದುಕಿದವರು ನಾವು. ನಮ್ಮ ತಲೆಗೆ ಎರಡೆರಡು 'ಇರು'! ಹುಟ್ಟುಗುಣಕ್ಕೆ ಸೇರ್, ಆ ಹೊತ್ತಿನ ಸ್ಥಿತಿಗೆ ಎಸ್ತಾರ್ ಅಂತ ಸ್ಪ್ಯಾನಿಷ್ ತರಗತಿಯಲ್ಲಿ ಕಲಿಸಿದರು. ನಂಬಿದೆ. ಆಮೇಲೆ ನೋಡಿದರೆ ಸತ್ತವನಿಗೂ ಎಸ್ತಾರ್! ಪುನರ್ಜನ್ಮ ನಂಬುವ ನಾವು ಹಾಗಂದಿದ್ದರೆ ಒಂದು ಲೆಕ್ಕ. ಅಸಲಿಗೆ ಎಸ್ತಾರ್ ಹುಟ್ಟಿದ್ದು ಲ್ಯಾಟಿನ್ನಿನ 'ನಿಲ್ಲು' ಎಂಬ ಮಾತಿನಿಂದ. ಏನೋ ಆಗಿ, ಆಗಿ ನಿಂತದ್ದೆಲ್ಲ ಅದರ ಪಾಲು, ಸಾವೂ ಸೇರಿ. ಊರು ಎಲ್ಲಿದೆ ಅನ್ನುವುದಕ್ಕೂ ಎಸ್ತಾರೇ. ಸರಿ, ಜಾಗಕ್ಕೆಲ್ಲ ಎಸ್ತಾರ್ ಅಂದುಕೊಂಡಿರೋ, ಮದುವೆ ಎಲ್ಲಿ ಅಂದಾಗ ಸೇರ್ ಬಂದು ಅಡ್ಡ ನಿಲ್ಲುತ್ತದೆ. ನಡೆಯುವ ಸಮಾರಂಭಕ್ಕೆ ಅದೇ ಆಗಬೇಕಂತೆ.

ಪಾಠ ಸಾಕಾಗಿ ಒಮ್ಮೆ 'ಸೊಯ್ ಅಬುರ್ರಿದೊ' ಅಂದುಬಿಟ್ಟೆ. 'ಎಸ್ತೊಯ್' ಅಂದಿದ್ದರೆ ನನಗೆ ಬೇಜಾರಾಗಿದೆ ಎಂದಾಗುತ್ತಿತ್ತು. 'ಸೊಯ್' ಅಂದದ್ದಕ್ಕೆ, ನಾನೊಬ್ಬ ಬೋರು ಹೊಡೆಸುವ ಆಸಾಮಿ ಎಂದಾಯಿತು. ತರಗತಿಯಲ್ಲಿ ಯಾರೂ ತಿದ್ದಲಿಲ್ಲ.

ಇನ್ನು ಹೋಗು–ಬರು. ಒಳಗಿಂದ ಅಮ್ಮ ಕರೆದರೆ ನಾವು 'ಬಂದೆ' ಎನ್ನುತ್ತೇವೆ, ಎದ್ದಿರುವುದೇ ಇಲ್ಲ. ಸ್ಪೇನಿನ ಮಗ 'ಯಾ ವೊಯ್' ಎನ್ನುತ್ತಾನೆ. ಅಕ್ಷರಕ್ಕೆ ಅಕ್ಷರ ಹಿಡಿದರೆ, ಇಗೋ ಹೋದೆ. 'ಬರು' ಎಂಬ ವೆನೀರ್, ಮಾತಾಡುವವನು ಇರುವ ಕಡೆಗೆ ಮಾತ್ರ. ಅಮ್ಮ ಇರುವಲ್ಲಿಗೆ ಇವನು ಹೋಗಬೇಕು, ಬರುವಂತಿಲ್ಲ. ನಗಬೇಡಿ. ನಾಳೆ ಆತನೇ ಕನ್ನಡ ಕಲಿಯಲು ನಮ್ಮಲ್ಲಿಗೆ ಬಂದು, ಹೊರಟ ನೆಂಟರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿ 'ಬರ್ತೀವಿ' ಅನ್ನುವುದನ್ನು ಕೇಳಿಸಿಕೊಂಡರೆ, ಪಾಪ, ಒಳಗೆ ಓಡಿ ಇನ್ನೊಂದು ಸುತ್ತು ಕಾಫಿಗೆ ನೀರಿಡುತ್ತಾನೆ.